ಅಧಿಕಾರವಿಲ್ಲದ ಹೊಣೆ

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿ ಚನ್ನರಾಯಪಟ್ಟಣವನ್ನು ಹಾದು ಹಾಸನವನ್ನು ಮುಟ್ಟಿ, ಸಕಲೇಶಪುರದಾಚೆ ಶಿರಾಡಿಯ ಘಟ್ಟವನ್ನಿಳಿಯುತ್ತದೆ. ಹಾಸನದಿಂದ ಮೈಸೂರಿಗೆ ಹೊರಟ ದಾರಿ ಹೇಮಾವತಿಯ ದಡದ ಹೊಳೆನರಸೀಪುರದ ಮೇಲೆ ಸಾಗುತ್ತದೆ. ಅರಕಲಗೂಡಿನ ಹಾದಿಗಳು ಹೊಗೆಸೊಪ್ಪು, ಆಲೂಗಡ್ಡೆ, ಶುಂಠಿಯ ಹೊಲಗಳನ್ನು ಬಳಸಿಕೊಂಡು ಕೊಡಗಿನ ದಿಕ್ಕಿಗೆ ತಿರುಗುತ್ತವೆ. ಈ ದಾರಿಗಳಲ್ಲಿ ಸಂಭವಿಸುವ ಅಪಘಾತ, ಈ ಹೊಲಗಳಲ್ಲಿ ಕಚ್ಚುವ ಹಾವು, ಸಾಲದ ಕೊರಗಿನಲ್ಲಿ ಕುಡಿದ ಕೀಟನಾಶಕ, ನಡುರಾತ್ರಿಯಲ್ಲಿ ಕಾಣಿಸಿಕೊಂಡ ಎದೆನೋವು, ತಿಂಗಳು ತುಂಬುವ ಮೊದಲೇ ಬಂದ ಹೆರಿಗೆಯ ಬೇನೆ, ಇವೆಲ್ಲವೂ ಕಡೆಗೆ ಬಂದು ಸೇರುವುದು ಸರ್ಕಾರಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದ, ಜನರ ಬಾಯಲ್ಲಿ ಕ್ಯಾಷುವಾಲ್ಟಿ ಎನ್ನಿಸಿಕೊಂಡ ಆ ಕೋಣೆಯ ಬಾಗಿಲಿಗೆ. ಅಲ್ಲಿ ಬಂದವರಿಗೆ ಮೊದಲು ಎದುರಾಗುವವರು, ರಾತ್ರಿಯೆಲ್ಲ ಅಲ್ಲಿಂದ ಕದಲದೆ ಇರುವವರು, ಬೆಳಗ್ಗೆ ಮುಂದಿನ ಪಾಳಿಯವರಿಗೆ ಪ್ರತಿಯೊಂದು ಹಾಸಿಗೆಯ ಲೆಕ್ಕವನ್ನೂ ಒಪ್ಪಿಸಿ ಹೊರಡಬೇಕಾದವರು ಶುಶ್ರೂಷಕಿಯರು. ಈಚಿನ ವರ್ಷಗಳಲ್ಲಿ ಪುರುಷ ಶುಶ್ರೂಷಕರೂ ಅವರ ಜೊತೆಗೂಡಿದ್ದಾರೆ.

ಇವರ ಸಹನೆಯನ್ನು ಕೊಂಡಾಡುವುದರಲ್ಲಿ ನಮ್ಮ ಸಮಾಜವು ಹಿಂದೆ ಬಿದ್ದಿಲ್ಲ. ವರ್ಷಕ್ಕೊಮ್ಮೆ, ಮೇ ೧೨ರಂದು, ಫ್ಲಾರೆನ್ಸ್ ನೈಟಿಂಗೇಲಳ ಜನ್ಮದಿನದ ನೆಪದಲ್ಲಿ ದೀಪ ಹಚ್ಚಿ, ಪ್ರತಿಜ್ಞೆ ಬೋಧಿಸಿ, ಹಿರಿಯ ಶುಶ್ರೂಷಕಿಯರಿಗೆ ಶಾಲು ಹೊದಿಸುವ ಸಮಾರಂಭಗಳು ನಡೆಯುತ್ತವೆ. ಆ ಗೌರವ ಅವರಿಗೆ ಸಲ್ಲತಕ್ಕದ್ದೇ. ಆದರೆ ಸಹನೆಯೆಂಬುದು ಆ ಹೆಣ್ಣುಮಕ್ಕಳ ಹುಟ್ಟುಗುಣ, ಅವರ ಎದೆಯೊಳಗೆ ಎಂದಿಗೂ ಬತ್ತದ ಒಂದು ಊಟೆ, ಅದು ಬತ್ತಿದಂತೆ ಕಂಡರೆ ದೋಷ ಅವರದೇ ಎಂಬ ಭಾವನೆ ಆ ಹೊಗಳಿಕೆಯ ಬೆನ್ನಿಗೇ ನಮ್ಮಲ್ಲಿ ನೆಲಸಿಬಿಟ್ಟಿದೆಯಲ್ಲ, ಅದು ಅಸತ್ಯವೂ ಹೌದು, ಅನ್ಯಾಯವೂ ಹೌದು. ತುರ್ತು ವಿಭಾಗದ ಶುಶ್ರೂಷಕಿಯನ್ನು ಕುಗ್ಗಿಸುವುದು ಕೆಲಸದ ಕಾಠಿಣ್ಯವಲ್ಲ, ನೆತ್ತರಿನ ದರ್ಶನವಲ್ಲ, ಮರಣದ ಸಾಮೀಪ್ಯವೂ ಅಲ್ಲ. ತನ್ನ ಕೈಯಲ್ಲಿಲ್ಲದ ಸಂಗತಿಗಳಿಗೆಲ್ಲ ತಾನೇ ಉತ್ತರ ಹೇಳಬೇಕಾಗಿ ಬರುವ ಸ್ಥಿತಿ ಅವಳನ್ನು ಕುಗ್ಗಿಸುತ್ತದೆ. ಹೊಣೆಯನ್ನು ಪೂರ್ಣವಾಗಿ ಹೊರಿಸಿ ಅಧಿಕಾರವನ್ನು ಬಹುಪಾಲು ಹಿಂದಕ್ಕಿಟ್ಟುಕೊಂಡ ವ್ಯವಸ್ಥೆಯಲ್ಲಿ ಎಂಥ ಧೀರರೂ ಸವೆಯುತ್ತಾರೆ ಎಂಬುದನ್ನೂ, ಅವರ ಧೃತಿಯನ್ನು ಉಳಿಸಬೇಕಾದರೆ ಆ ವ್ಯವಸ್ಥೆಯನ್ನು ತಿದ್ದಬೇಕೆಂಬುದನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಕೆಲಸದ ಸ್ವರೂಪವನ್ನು ಮೊದಲು ಹತ್ತಿರದಿಂದ ಕಾಣೋಣ. ರಾತ್ರಿಯ ಪಾಳಿಯಲ್ಲಿ ತ್ರೀ ಫೇಸ್ ಕರೆಂಟು ಬಂದ ಹೊತ್ತಿನಲ್ಲಿ ಪಂಪ್‌ಸೆಟ್ಟು ಹಾಕಿ ನೀರು ಕಟ್ಟಲು ಹೋದ ರೈತನೊಬ್ಬನನ್ನು ಹಾವು ಕಚ್ಚಿದೆ. ಮೊಣಕಾಲಿನ ಕೆಳಗೆ ಪಂಚೆಯ ಅಂಚನ್ನು ಹರಿದು ಬಿಗಿಯಾಗಿ ಕಟ್ಟಿ, ಬೈಕಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ತಂದಿದ್ದಾರೆ. ಕಚ್ಚಿದ್ದು ನಾಗರವೋ, ಕಟ್ಟುಹಾವೋ, ಕೊಳಕುಮಂಡಲವೋ ತಂದವರಿಗೆ ತಿಳಿಯದು. ಶುಶ್ರೂಷಕಿ ಅವನ ರೆಪ್ಪೆ ಜೋಲುತ್ತಿದೆಯೇ, ಮಾತು ತೊದಲುತ್ತಿದೆಯೇ, ಒಸಡಿನಲ್ಲಿ ರಕ್ತ ಒಸರುತ್ತಿದೆಯೇ ಎಂದು ನೋಡುತ್ತಾಳೆ. ಎರಡು ಮಿಲಿಲೀಟರಿನಷ್ಟು ರಕ್ತವನ್ನು ತೆಗೆದು ಒಣಗಿದ ಶುದ್ಧವಾದ ಗಾಜಿನ ನಳಿಕೆಯಲ್ಲಿ ಹಾಕಿ, ಗಡಿಯಾರ ನೋಡಿ ಹೊತ್ತನ್ನು ಬರೆದಿಟ್ಟು, ಇಪ್ಪತ್ತು ನಿಮಿಷ ಅದನ್ನು ಅಲುಗಿಸದೆ ಬಿಡುತ್ತಾಳೆ. ಆ ಅವಧಿ ಮುಗಿದ ಮೇಲೆ ನಳಿಕೆಯನ್ನು ಬಾಗಿಸಿದಾಗ ರಕ್ತ ಹೆಪ್ಪುಗಟ್ಟದೆ ಹರಿದರೆ, ಮಂಡಲದ ಹಾವಿನ ವಿಷ ದೇಹವನ್ನು ವ್ಯಾಪಿಸಿದೆಯೆಂದು ಅರ್ಥ. ವೈದ್ಯರ ಆದೇಶದ ಮೇಲೆ ವಿಷನಿವಾರಕದ ಹತ್ತು ಸೀಸೆಗಳನ್ನು ಒಂದೊಂದಾಗಿ ಒಡೆದು, ಪುಡಿಯ ರೂಪದಲ್ಲಿರುವ ಆ ಮದ್ದನ್ನು ನೊರೆಯೇಳದಂತೆ ನಿಧಾನವಾಗಿ ಕರಗಿಸಿ, ಡ್ರಿಪ್ಪಿನಲ್ಲಿ ಸೇರಿಸಿ ಏರಿಸಬೇಕು. ಮದ್ದೇ ಮೈಗೆ ಒಗ್ಗದೆ ಉಸಿರು ಕಟ್ಟುವ ಅಪಾಯವಿರುವುದರಿಂದ ಅಡ್ರಿನಲಿನ್ ತುಂಬಿದ ಸಿರಿಂಜನ್ನು ಪಕ್ಕದಲ್ಲಿಟ್ಟುಕೊಂಡು ಅವನ ಮುಖವನ್ನೇ ನೋಡುತ್ತ ನಿಲ್ಲಬೇಕು.

ಹೀಗೆ ನಿಲ್ಲಬೇಕಾದ ಹೊತ್ತಿನಲ್ಲಿ ಅವಳು ನಿಲ್ಲಲಾರಳು. ಕಾದಿರಿಸಿದ ಆ ಇಪ್ಪತ್ತು ನಿಮಿಷಗಳೊಳಗೆ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದ ತರುಣನನ್ನು ಹೊತ್ತು ತರುತ್ತಾರೆ. ಜ್ವರ ತಲೆಗೇರಿ ಫಿಟ್ಸ್ ಬಂದ ಮಗುವನ್ನು ತಾಯಿಯೊಬ್ಬಳು ಎದೆಗವಚಿಕೊಂಡು ಓಡಿ ಬರುತ್ತಾಳೆ. ಕೀಟನಾಶಕ ಕುಡಿದು ಸಂಜೆಯಿಂದ ಮಲಗಿರುವವನಿಗೆ ಅಟ್ರೊಪಿನ್ ಕೊಡುವ ವೇಳೆಯಾಗುತ್ತದೆ, ಕೊಡುವ ಮುನ್ನ ಅವನ ಕಣ್ಣಿನ ಪಾಪೆಯನ್ನೂ ನಾಡಿಯನ್ನೂ ಎದೆಯ ಸದ್ದನ್ನೂ ಪರೀಕ್ಷಿಸಬೇಕಾಗುತ್ತದೆ. ಅಪಘಾತದ ಪ್ರಕರಣಕ್ಕೆ ಎಂ.ಎಲ್.ಸಿ. (ವೈದ್ಯಕೀಯ-ಕಾನೂನು ಪ್ರಕರಣಗಳ) ಪುಸ್ತಕ ತುಂಬಿ ಪೊಲೀಸ್ ಠಾಣೆಗೆ ತಿಳಿವಳಿಕೆ ಕಳುಹಿಸಬೇಕು. ಸ್ಟೋರಿನಲ್ಲಿ ಔಷಧ ಎಷ್ಟು ಉಳಿದಿದೆಯೆಂದು ಲೆಕ್ಕವಿಡಬೇಕು. ೨೦೨೪ರಲ್ಲಿ ನಮ್ಮ ರಾಜ್ಯವು ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಸಾರಿರುವುದರಿಂದ ಅದನ್ನೂ ದಾಖಲೆ ಮಾಡಬೇಕು. ಇವುಗಳಲ್ಲಿ ಯಾವುದೊಂದೂ ಅನಾವಶ್ಯಕವಲ್ಲ, ಯಾವುದೊಂದೂ ಅವಳ ಶಕ್ತಿಗೆ ಮೀರಿದ್ದಲ್ಲ. ಎಲ್ಲವೂ ಒಂದೇ ಗಳಿಗೆಯಲ್ಲಿ ಒಬ್ಬಳ ಪಾಲಿಗೆ ಬರುತ್ತವೆ, ಯಾವುದನ್ನು ಮುಂದೆ ಮಾಡಬೇಕು, ಯಾವುದನ್ನು ತಡೆಹಿಡಿಯಬಹುದು ಎಂಬುದನ್ನು ನಿರ್ಣಯಿಸುವ ಸ್ವಾತಂತ್ರ್ಯ ಮಾತ್ರ ಅವಳಿಗೆ ಪೂರ್ತಿಯಾಗಿ ದೊರೆತಿಲ್ಲ; ಕಷ್ಟ ಇರುವುದು ಇಲ್ಲಿ.

ಇದು ಕೇವಲ ಅನುಕಂಪದಿಂದ ಹುಟ್ಟಿದ ಮಾತಲ್ಲ. ೧೯೭೯ರಲ್ಲಿ ರಾಬರ್ಟ್ ಕರಾಸೆಕ್ ಎಂಬ ಸಮಾಜಶಾಸ್ತ್ರಜ್ಞನು ದುಡಿಮೆಯ ಒತ್ತಡವನ್ನು ಪರಿಶೀಲಿಸಿ ಪ್ರತಿಪಾದಿಸಿದ ಸಿದ್ಧಾಂತದ ಸಾರಾಂಶವೆಂದರೆ, ಕೆಲಸದ ಭಾರವೊಂದೇ ಮನುಷ್ಯನನ್ನು ಮುರಿಯುವುದಿಲ್ಲ, ಭಾರ ಹೆಚ್ಚಾಗಿ ಅದನ್ನು ನಿರ್ವಹಿಸುವ ರೀತಿಯಲ್ಲಿ ಸ್ವಾತಂತ್ರ್ಯ ಕಡಮೆಯಾದಾಗ ಅವನು ಮುರಿಯುತ್ತಾನೆ ಎಂಬುದು. ಅಷ್ಟೇ ಭಾರವನ್ನು ಹೊತ್ತು, ನಿರ್ಣಯದ ಅಧಿಕಾರವನ್ನೂ ಹೊಂದಿದವನು ಬಳಲಿದರೂ ಬೆಳೆಯುತ್ತಾನೆ. ತುರ್ತು ವಿಭಾಗದ ಮುಖ್ಯ ವೈದ್ಯರಿಗೂ ಅಲ್ಲಿಯ ಶುಶ್ರೂಷಕಿಗೂ ಶ್ರಮ ಸಮಾನವಾಗಿದ್ದರೂ ಅದರ ಪರಿಣಾಮ ಸಮಾನವಾಗಿರದಿರುವುದಕ್ಕೆ ಕಾರಣವನ್ನು ಇಲ್ಲಿ ಹುಡುಕಬಹುದು. ವೈದ್ಯರು ಒಂದು ತೀರ್ಮಾನವನ್ನು ಕೈಗೊಳ್ಳುತ್ತಾರೆ, ಶುಶ್ರೂಷಕಿ ಅದರ ಫಲವನ್ನು ಅನುಭವಿಸುತ್ತಾಳೆ. ಆ ತೀರ್ಮಾನ ತಡವಾದರೆ ತಡವಾದದ್ದೇಕೆಂದು ರೋಗಿಯ ಕಡೆಯವರು ಮೊದಲು ಕೇಳುವುದೂ ಅವಳನ್ನೇ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಸಂಕಟ ಅತ್ಯಂತ ತೀಕ್ಷ್ಣವಾಗಿ ಗೋಚರಿಸುವುದು ರೋಗಿಯನ್ನು ರೆಫರ್ ಮಾಡುವ ಹೊತ್ತಿನಲ್ಲಿ. ಅರಕಲಗೂಡಿನಿಂದಾಗಲಿ ಹೊಳೆನರಸೀಪುರದಿಂದಾಗಲಿ ಹಾಸನಕ್ಕೆ ಮೂವತ್ತು ಕಿಲೋಮೀಟರಿನ ಆಸುಪಾಸು, ಚನ್ನರಾಯಪಟ್ಟಣದಿಂದ ಇನ್ನಷ್ಟು ದೂರ; ಹಾಸನದಲ್ಲಿ ೨೦೦೬ರಲ್ಲಿ ಆರಂಭವಾದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯಿದ್ದರೂ, ಅಲ್ಲಿಯೂ ನೆರವೇರದ ಚಿಕಿತ್ಸೆಗೆ ಮೈಸೂರೋ ಬೆಂಗಳೂರೋ ಗತಿ. ತಲೆಗೆ ಪೆಟ್ಟು ಬಿದ್ದವನಿಗೆ ಶಸ್ತ್ರವೈದ್ಯ ಬೇಕು, ಆ ರಾತ್ರಿ ತಾಲ್ಲೂಕು ಆಸ್ಪತ್ರೆಯಲ್ಲಿ ಅಂಥವರಿಲ್ಲ. ರಕ್ತ ಬೇಕು, ಅದೂ ಇಲ್ಲ. ಇಲ್ಲದವುಗಳ ಪಟ್ಟಿಯನ್ನು ಅವಳು ತಯಾರಿಸಿದವಳಲ್ಲ. ಆದರೂ "ಇಲ್ಲಿ ಆಗೋದಿಲ್ಲ, ಹಾಸನಕ್ಕೆ ಕರ್ಕೊಂಡ್ಹೋಗಿ" ಎಂಬ ಮಾತು ಬರುವುದು ಅವಳ ಬಾಯಿಂದ. ಊರಿನಿಂದ ಟ್ರ್ಯಾಕ್ಟರು ಮಾಡಿಕೊಂಡು ಬಂದ ಬಡವರಿಗೆ ಆ ಮಾತು ಬಾಗಿಲು ಮುಚ್ಚಿದಂತೆ ಕೇಳಿಸುತ್ತದೆ. ಅವರ ಭಯ ಕೋಪವಾಗಿ ಎರಗುವುದು ಎದುರಿಗೆ ನಿಂತವಳ ಮೇಲೆ. ದೂರದ ಕಛೇರಿಯಲ್ಲಿ ಹುದ್ದೆಯನ್ನು ಖಾಲಿ ಬಿಟ್ಟವರು, ವರ್ಗಾವಣೆಯಾಗಿ ಹೋದ ತಜ್ಞರ ಸ್ಥಾನಕ್ಕೆ ಬೇರೊಬ್ಬರನ್ನು ಕಳುಹಿಸದವರು, ಬೇಡಿಕೆಯ ಪಟ್ಟಿಗೆ ಸಹಿ ಹಾಕುವುದರಲ್ಲಿ ತಿಂಗಳುಗಳನ್ನು ಕಳೆದವರು, ಇವರಾರೂ ಆ ಕೋಪದ ಎಟುಕಿಗೆ ಸಿಕ್ಕುವವರಲ್ಲ. ವ್ಯವಸ್ಥೆಯ ಪ್ರತಿಯೊಂದು ಅಭಾವಕ್ಕೂ ಒಂದು ಮುಖ ಬೇಕಾಗುತ್ತದೆ. ನಮ್ಮ ಸಣ್ಣ ಊರುಗಳ ಆಸ್ಪತ್ರೆಗಳಲ್ಲಿ ಆ ಮುಖ ಶುಶ್ರೂಷಕಿಯದಾಗಿದೆ.

ಜಿಲ್ಲಾ ಕೇಂದ್ರದಲ್ಲಿ ಭಾರ ಬೇರೆ ರೂಪದಲ್ಲಿ ಬರುತ್ತದೆ. ೨೦೨೫ರ ಮೇ-ಜೂನ್ ತಿಂಗಳುಗಳ ಸುಮಾರು ನಲವತ್ತು ದಿನಗಳ ಅವಧಿಯಲ್ಲಿ ಹಾಸನ ಜಿಲ್ಲೆಯ ಇಪ್ಪತ್ತಕ್ಕೂ ಹೆಚ್ಚು ಮಂದಿ, ಅವರಲ್ಲಿ ಹಲವರು ಎಳೆಯ ವಯಸ್ಸಿನವರು, ಹೃದಯಾಘಾತದಿಂದ ಮರಣ ಹೊಂದಿದರೆಂಬ ಸುದ್ದಿ ನಾಡನ್ನೆಲ್ಲ ತಲ್ಲಣಗೊಳಿಸಿದ್ದನ್ನು ವಾಚಕರು ಮರೆತಿರಲಾರರು. ಸರ್ಕಾರವು ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕರಾದ ಡಾ. ಕೆ. ಎಸ್. ರವೀಂದ್ರನಾಥರ ನೇತೃತ್ವದಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು. ಹೃದಯಾಘಾತಗಳು ಅಸಾಧಾರಣವಾಗಿ ಏರಿವೆಯೆಂಬುದಕ್ಕೆ ಆ ಸಮಿತಿಗೆ ಆಧಾರ ದೊರೆಯಲಿಲ್ಲ. ಆದರೆ ಸಮಿತಿಯ ವರದಿ ಹೊರಬೀಳುವುದಕ್ಕೆ ಮೊದಲು ಭೀತಿಯು ತನ್ನ ಕೆಲಸವನ್ನು ಮಾಡಿತ್ತು. ಎದೆಯಲ್ಲಿ ಸಣ್ಣ ಚುಚ್ಚು ಕಂಡವರೂ, ಏನೂ ಕಾಣದೆ ಹೆದರಿದವರೂ ಇ.ಸಿ.ಜಿ. ಮಾಡಿಸಿಕೊಳ್ಳಲು ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಮೈಸೂರಿನ ಮತ್ತು ಬೆಂಗಳೂರಿನ ಹೃದ್ರೋಗ ಆಸ್ಪತ್ರೆಗಳಿಗೂ ಜನ ಹರಿದರು. ಭಯಗೊಂಡವರನ್ನು ಹಳಿಯುವುದು ಸಲ್ಲದು. ಆದರೆ ಆ ಸಾಲಿನಲ್ಲಿ ನಿಂತವರ ಪೈಕಿ ನಿಜವಾಗಿ ಹೃದಯ ಸೋಲುತ್ತಿರುವವನು ಯಾವನೆಂದು, ಮುಖದ ಬೆವರನ್ನೂ ಉಸಿರಿನ ಏರಿಳಿತವನ್ನೂ ಕಂಡು ಹೆಕ್ಕಿ ತೆಗೆಯುವ ಹೊಣೆ ಯಾರ ಮೇಲೆ ಬಿದ್ದಿತೆಂಬುದನ್ನು ಆಲೋಚಿಸಿದವರು ಕಡಮೆ. ಸಾವಿರ ಜನರಿಗೆ ಧೈರ್ಯ ಹೇಳುತ್ತ ಒಬ್ಬನನ್ನು ತಪ್ಪಿಸಿಕೊಳ್ಳದಿರುವುದು ಅತ್ಯಂತ ಕಠಿನವಾದ ಬುದ್ಧಿಶ್ರಮ. ಆ ಒಬ್ಬನು ತಪ್ಪಿದ್ದೇ ಆದರೆ ಮರುದಿನ ವೃತ್ತಪತ್ರಿಕೆಯಲ್ಲಿ ಬರುವುದು ಆ ತಪ್ಪು, ಉಳಿದ ಸಾವಿರವಲ್ಲ.

ಅದಾದ ಕೆಲವೇ ತಿಂಗಳಿಗೆ, ಸೆಪ್ಟೆಂಬರ್ ೧೨ರ ರಾತ್ರಿ, ಹಾಸನ ಮತ್ತು ಹೊಳೆನರಸೀಪುರದ ನಡುವಣ ಮೊಸಳೆ ಹೊಸಹಳ್ಳಿಯಲ್ಲಿ ಗಣೇಶನ ವಿಸರ್ಜನೆಯ ಮೆರವಣಿಗೆಗೆ ಲಾರಿಯೊಂದು ನುಗ್ಗಿತು. ಪ್ರಾಣ ಕಳೆದುಕೊಂಡವರಲ್ಲಿ ಹೆಚ್ಚಿನವರು ಹುಡುಗರು, ಅವರಲ್ಲಿ ಕೆಲವರು ಎಂಜಿನಿಯರಿಂಗ್ ಓದುತ್ತಿದ್ದವರು. ಗಾಯಗೊಂಡವರನ್ನು ಗುಂಪುಗುಂಪಾಗಿ ಹಾಸನದ ಆಸ್ಪತ್ರೆಗೆ ಸಾಗಿಸಲಾಯಿತು. ಇಂಥ ರಾತ್ರಿಗಳಲ್ಲಿ ಅನುಸರಿಸಬೇಕಾದ ಕ್ರಮವನ್ನು ವೈದ್ಯಶಾಸ್ತ್ರವು ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯನಾದ ಲಾರೆಯ ಕಾಲದಿಂದ ರೂಪಿಸಿಕೊಂಡು ಬಂದಿದೆ: ಪದವಿಯನ್ನಾಗಲಿ ಬಂದ ಸರದಿಯನ್ನಾಗಲಿ ನೋಡದೆ, ಯಾರ ಪ್ರಾಣವನ್ನು ತತ್‌ಕ್ಷಣದ ಚಿಕಿತ್ಸೆ ಉಳಿಸಬಲ್ಲದೋ ಅವರನ್ನು ಮೊದಲು ನೋಡಬೇಕು. ಕೆಂಪು, ಹಳದಿ, ಹಸಿರು, ಕಪ್ಪು ಎಂದು ಗಾಯಾಳುಗಳನ್ನು ವಿಂಗಡಿಸುವ ಈ ನ್ಯಾಯವು ನಿರ್ದಾಕ್ಷಿಣ್ಯವಾದದ್ದು. ಗಟ್ಟಿಯಾಗಿ ನರಳುವವನನ್ನು ಬಿಟ್ಟು ಸದ್ದಿಲ್ಲದೆ ಬಿದ್ದಿರುವವನ ಕಡೆಗೆ ಹೋಗು ಎಂದು ಅದು ಆಜ್ಞಾಪಿಸುತ್ತದೆ. ತನ್ನ ಮಗನ ಕಾಲು ಮುರಿದು ನೆತ್ತರು ಸುರಿಯುತ್ತಿರುವಾಗ ಶುಶ್ರೂಷಕಿ ಅವನನ್ನು ದಾಟಿ ಹೋದುದನ್ನು ಕಂಡ ತಂದೆಗೆ ಆ ಶಾಸ್ತ್ರವನ್ನು ವಿವರಿಸುವುದಕ್ಕೆ ಅವಳಿಗೆ ಹೊತ್ತಿಲ್ಲ, ಕೇಳುವ ಚಿತ್ತಸ್ಥಿತಿ ಅವನಿಗಿಲ್ಲ. ಶಾಸ್ತ್ರಸಮ್ಮತವಾಗಿ ನಡೆದುಕೊಂಡೂ ನಿರ್ದಯಳೆನ್ನಿಸಿಕೊಳ್ಳುವ ಈ ದುರ್ಭಾಗ್ಯ ಬೇರೆ ವೃತ್ತಿಗಳಲ್ಲಿ ಅಪರೂಪ.

ಈ ಅನುಭವಕ್ಕೆ ಆಂಡ್ರೂ ಜೇಮ್ಟನ್ ಎಂಬ ತತ್ತ್ವಶಾಸ್ತ್ರಜ್ಞನು ಶುಶ್ರೂಷಾ ವೃತ್ತಿಯ ನೀತಿಯನ್ನು ಕುರಿತು ೧೯೮೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನೈತಿಕ ಸಂಕಟವೆಂಬ ಹೆಸರನ್ನು ಕೊಟ್ಟನು. ಮಾಡತಕ್ಕದ್ದು ಯಾವುದೆಂಬುದು ಸ್ಪಷ್ಟವಾಗಿ ತಿಳಿದಿದ್ದು, ಸಂಸ್ಥೆಯ ಕಟ್ಟುಪಾಡುಗಳ ದೆಸೆಯಿಂದ ಅದನ್ನು ಮಾಡಲಾಗದೆ ಹೋದಾಗ ಹುಟ್ಟುವ ವೇದನೆ ಅದು. ಸಂದೇಹದಿಂದ ಬರುವ ದುಃಖಕ್ಕಿಂತ ಇದು ಭಿನ್ನವಾದುದು, ಆಳವಾದುದು. ಅಟ್ರೊಪಿನ್ ಪಡೆದವನ ಪಕ್ಕದಲ್ಲಿ ಹದಿನೈದು ನಿಮಿಷ ಕೂರಬೇಕೆಂದು ಬಲ್ಲವಳು ಐದು ನಿಮಿಷವೂ ಕೂರಲಾಗದೆ ಎದ್ದು ಹೋದಳು. ಸತ್ತ ಮಗುವನ್ನು ತಾಯಿಯ ಮಡಿಲಲ್ಲಿ ಸ್ವಲ್ಪ ಹೊತ್ತು ಬಿಡಬೇಕೆಂದು ಬಲ್ಲವಳು ಹಾಸಿಗೆ ತೆರವು ಮಾಡಿಸಬೇಕಾಯಿತು. ಇಂಥ ಸಣ್ಣ ಸಣ್ಣ ಲೋಪಗಳು ಯಾವ ದಾಖಲೆಯಲ್ಲಿಯೂ ಕಾಣಿಸಿಕೊಳ್ಳದೆ ಮನಸ್ಸಿನ ತಳದಲ್ಲಿ ಸಂಚಯವಾಗುತ್ತವೆ. ಹರ್ಬರ್ಟ್ ಫ್ರಾಯ್ಡೆನ್‌ಬರ್ಗರನು ೧೯೭೪ರಲ್ಲಿ ವರ್ಣಿಸಿ, ಬಳಿಕ ಕ್ರಿಸ್ಟಿನಾ ಮಾಸ್ಲಾಕ್ ವಿಶದಪಡಿಸಿದ ಬರ್ನ್‌ಔಟ್ ಎಂಬ ಅವಸ್ಥೆಗೆ ಮೂರು ಲಕ್ಷಣಗಳನ್ನು ಹೇಳುತ್ತಾರೆ: ಭಾವಶಕ್ತಿ ಬರಿದಾಗುವುದು, ಎದುರಿನ ಮನುಷ್ಯ ಮನುಷ್ಯನಾಗಿ ಕಾಣದೆ ಹಾಸಿಗೆಯ ಸಂಖ್ಯೆಯಾಗಿ ಕಾಣುವುದು, ತಾನು ಮಾಡುವ ಕೆಲಸದಿಂದ ಯಾರಿಗೂ ಪ್ರಯೋಜನವಿಲ್ಲವೆಂಬ ನಿರಾಶೆ ನೆಲೆಗೊಳ್ಳುವುದು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ ಇದನ್ನು ರೋಗವೆಂದು ಎಣಿಸದೆ, ದುಡಿಮೆಗೆ ಸಂಬಂಧಿಸಿದ ವಿದ್ಯಮಾನವೆಂದು ಗುರುತಿಸಿತು. ಈ ಭೇದ ಮಹತ್ತ್ವದ್ದು. ರೋಗವಾದರೆ ರೋಗಿಗೆ ಮದ್ದು ಕೊಟ್ಟರೆ ಸಾಕು. ದುಡಿಮೆಯ ಸ್ಥಳದಲ್ಲಿ ಹುಟ್ಟಿದ್ದಾದರೆ ಆ ಸ್ಥಳಕ್ಕೆ ಮದ್ದು ಬೇಕು. ಸಿಡುಕಿನಿಂದ ಮಾತಾಡಿದ ಶುಶ್ರೂಷಕಿಯನ್ನು ಕಂಡಾಗ ಅವಳ ಸ್ವಭಾವವನ್ನು ದೂಷಿಸುವ ನಾವು, ಆ ಸಿಡುಕು ಅದೇ ಕೋಣೆಯಲ್ಲಿ ವರ್ಷಗಳ ಕಾಲ ತಯಾರಾದ ವಸ್ತುವೆಂಬುದನ್ನು ನೆನೆಯಬೇಕು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕಾಗಿದೆ. ಶುಶ್ರೂಷೆ ಸೇವೆಯಲ್ಲವೆ, ಸೇವೆಗೆ ಬಂದವರು ಅಧಿಕಾರವನ್ನೂ ಅನುಕೂಲವನ್ನೂ ಬಯಸುವುದು ಉಚಿತವೆ, ಫ್ಲಾರೆನ್ಸ್ ನೈಟಿಂಗೇಲಳು ಏನನ್ನು ಬಯಸಿದ್ದಳು, ಎಂದು ಕೇಳುವ ಸಜ್ಜನರಿದ್ದಾರೆ. ಅವಳ ಚರಿತ್ರೆಯೇ ಇದಕ್ಕೆ ಉತ್ತರ ಕೊಡುತ್ತದೆ. ೧೮೫೪ರಲ್ಲಿ ಕ್ರಿಮಿಯದ ಯುದ್ಧದ ಸಮಯದಲ್ಲಿ ಅವಳು ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಬಂದ ಮೇಲೆಯೂ, ಅವಳೂ ಸಂಗಡಿಗರೂ ಹಗಲಿರುಳು ದುಡಿದ ಮೇಲೆಯೂ, ಆ ಚಳಿಗಾಲದಲ್ಲಿ ಸೈನಿಕರು ಸಾಯುವುದು ನಿಲ್ಲಲಿಲ್ಲ. ಮರುವರ್ಷ ನೈರ್ಮಲ್ಯ ಆಯೋಗದವರು ಬಂದು ಕಟ್ಟಡದ ಕೆಳಗಣ ಚರಂಡಿಗಳನ್ನು ತೊಳೆಸಿ, ಗಾಳಿಯಾಡುವಂತೆ ಮಾಡಿದ ಮೇಲೆ ಮರಣಗಳ ಸಂಖ್ಯೆ ಇಳಿಯಿತು. ಸ್ವದೇಶಕ್ಕೆ ಮರಳಿದ ನೈಟಿಂಗೇಲಳು ಆ ಅಂಕಿಗಳನ್ನು ಚಿತ್ರರೂಪದಲ್ಲಿ ಪ್ರಭುಗಳ ಮುಂದಿಟ್ಟು, ಉಳಿದ ಆಯುಸ್ಸನ್ನು ಆಸ್ಪತ್ರೆಗಳ ವ್ಯವಸ್ಥೆಯನ್ನು ತಿದ್ದುವುದರಲ್ಲಿ ಕಳೆದಳು. ಕರುಣೆಯೊಂದರಿಂದ ಚರಂಡಿ ಶುದ್ಧವಾಗದೆಂಬುದನ್ನು ಅವಳಷ್ಟು ಸ್ಪಷ್ಟವಾಗಿ ಕಂಡವರು ವಿರಳ. ಅವಳ ಹೆಸರಿನಲ್ಲಿ ದೀಪ ಹಚ್ಚುವ ನಾವು ಅವಳ ಅಂಕಿಅಂಶಗಳ ಕಡೆಗೆ ಬೆನ್ನು ತಿರುಗಿಸಬಾರದು.

ಅಂಕಿಗಳ ಮಾತು ಬಂದುದರಿಂದ ನಮ್ಮಲ್ಲಿಯ ನಿಯಮವನ್ನು ನೋಡೋಣ. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ರೋಗಿಗಳಿಗೆ ಒಬ್ಬರು, ಇತರ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು ಶುಶ್ರೂಷಕಿಯಿರಬೇಕೆಂದೂ, ರಜೆಗೆ ಹೋದವರ ಸ್ಥಾನ ತುಂಬುವುದಕ್ಕಾಗಿ ಶೇಕಡ ೩೦ರಷ್ಟು ಹೆಚ್ಚಿನ ಹುದ್ದೆಗಳಿರಬೇಕೆಂದೂ ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡಗಳು ಹೇಳುತ್ತವೆ. ಈ ಪ್ರಮಾಣ ಕಾಗದದಿಂದ ಇಳಿದು ರಾತ್ರಿಯ ಪಾಳಿಯವರೆಗೆ ಬಂದಿರುವ ಆಸ್ಪತ್ರೆಗಳನ್ನು ಹುಡುಕಬೇಕಾದೀತು. ರಜೆಯ ಮೀಸಲು ಇಲ್ಲದಿದ್ದರೆ ಆಗುವುದೇನೆಂಬುದನ್ನು ಆ ವೃತ್ತಿಯವರು ಬಲ್ಲರು: ಒಬ್ಬಳ ಮಗುವಿಗೆ ಜ್ವರ ಬಂದರೆ ಇನ್ನೊಬ್ಬಳು ರಾತ್ರಿಯ ಡ್ಯೂಟಿ ಮುಗಿಸಿ ಹಗಲಿಗೂ ನಿಲ್ಲಬೇಕು, ಆದುದರಿಂದ ರಜೆ ಕೇಳುವವಳು ಸರ್ಕಾರಕ್ಕೆ ತೊಂದರೆ ಕೊಡುವುದಿಲ್ಲ, ತನ್ನ ಗೆಳತಿಗೆ ಕೊಡುತ್ತಾಳೆ, ಮತ್ತು ಅದನ್ನು ತಿಳಿದೇ ರಜೆ ಕೇಳಲು ಹಿಂಜರಿಯುತ್ತಾಳೆ. ವ್ಯವಸ್ಥೆಯ ಕೊರತೆಯು ಸಹೋದ್ಯೋಗಿಗಳ ನಡುವಣ ಋಣವಾಗಿ ಮಾರ್ಪಡುವ ಈ ಬಗೆ ಅತ್ಯಂತ ಕ್ರೂರವಾದುದು. ಇದರ ಮೇಲೆ ಗುತ್ತಿಗೆಯ ಅನಿಶ್ಚಯವೂ ಸೇರುತ್ತದೆ. ಕಾಯಂ ನೌಕರಳೂ ಗುತ್ತಿಗೆಯವಳೂ ಒಂದೇ ಕೋಣೆಯಲ್ಲಿ ಒಂದೇ ರೋಗಿಯ ಎರಡು ಪಕ್ಕದಲ್ಲಿ ನಿಂತು ಒಂದೇ ಕೆಲಸ ಮಾಡುತ್ತಾರೆ. ಸಂಬಳದಲ್ಲಿ, ರಜೆಯಲ್ಲಿ, ನಾಳೆಯ ಭರವಸೆಯಲ್ಲಿ ಮಾತ್ರ ಅವರ ನಡುವೆ ಅಂತರ. ಖಾಸಗಿ ಆಸ್ಪತ್ರೆಗಳ ಶುಶ್ರೂಷಕಿಯರ ಸ್ಥಿತಿಯನ್ನು ೨೦೧೬ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಗಮನಕ್ಕೆ ತೆಗೆದುಕೊಂಡ ಮೇಲೆ ನೇಮಕವಾದ ಸಮಿತಿಯು, ಐವತ್ತಕ್ಕಿಂತ ಕಡಮೆ ಹಾಸಿಗೆಗಳಿರುವ ಆಸ್ಪತ್ರೆಯಲ್ಲಿಯೂ ತಿಂಗಳ ವೇತನ ೨೦,೦೦೦ ರೂಪಾಯಿಗೆ ಕಡಮೆಯಿರಕೂಡದೆಂದು ಶಿಫಾರಸು ಮಾಡಿತು. ಅಷ್ಟನ್ನು ಹೇಳುವುದಕ್ಕೂ ದೇಶದ ಅತ್ಯುನ್ನತ ನ್ಯಾಯಪೀಠದ ಪ್ರೇರಣೆ ಬೇಕಾಯಿತೆಂಬುದೇ ಆ ವೃತ್ತಿಗೆ ನಾವು ಕಟ್ಟಿದ ಬೆಲೆಯನ್ನು ತೋರಿಸುತ್ತದೆ.

ರಸ್ತೆಯ ಮೇಲೆ ದುಡಿಯುವ ಶುಶ್ರೂಷಕರನ್ನೂ ಇಲ್ಲಿ ಸ್ಮರಿಸಬೇಕು. ೨೦೦೮ರ ನವೆಂಬರ್ ೧ರಂದು ಆರಂಭವಾದ ಆರೋಗ್ಯ ಕವಚ ೧೦೮ರ ಆಂಬುಲೆನ್ಸಿನಲ್ಲಿ ಚಾಲಕನ ಹೊರತು ಇರುವವರು ತುರ್ತು ಚಿಕಿತ್ಸೆಯ ತರಬೇತು ಪಡೆದ ಒಬ್ಬರೇ ಸಿಬ್ಬಂದಿ, ಬಹುಮಟ್ಟಿಗೆ ಶುಶ್ರೂಷೆ ಕಲಿತವರು. ಕೊಣನೂರಿನ ಕಡೆಯಿಂದಲೋ ಶ್ರವಣಬೆಳಗೊಳದ ಕಡೆಯಿಂದಲೋ ಹಾಸನಕ್ಕೆ ಓಡುತ್ತಿರುವ ಆ ವಾಹನದಲ್ಲಿ, ಅಲುಗಾಡುವ ಬೆಳಕಿನಲ್ಲಿ ಹೆರಿಗೆ ಮಾಡಿಸುವಾಗ ಅವರ ನೆರವಿಗೆ ಬೇರೆ ಕೈಯಿಲ್ಲ. ಇಂಥವರು ಬಾಕಿ ವೇತನಕ್ಕಾಗಿ ಮುಷ್ಕರದ ಎಚ್ಚರಿಕೆ ಕೊಡಬೇಕಾದ ಸಂದರ್ಭಗಳು ಈ ರಾಜ್ಯದಲ್ಲಿ ಮತ್ತೆ ಮತ್ತೆ ಬಂದಿವೆ.

ಇನ್ನು ಭಯದ ವಿಷಯ. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದ ಅರುಣಾ ಶಾನಭಾಗ್ ೧೯೭೩ರ ನವೆಂಬರ್ ೨೭ರ ರಾತ್ರಿ ಆಸ್ಪತ್ರೆಯೊಳಗೇ ಅಲ್ಲಿಯ ನೌಕರನಿಂದ ಘೋರವಾದ ಹಲ್ಲೆಗೆ ಒಳಗಾಗಿ, ೨೦೧೫ರ ಮೇ ೧೮ರಂದು ತೀರಿಕೊಳ್ಳುವವರೆಗೆ, ನಲವತ್ತೊಂದು ವರ್ಷಗಳಿಗೂ ಮಿಕ್ಕಿ, ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಪ್ರಜ್ಞೆಯ ಅಂಚಿನಲ್ಲಿ ಬದುಕಿದಳು. ಆ ಅವಧಿಯುದ್ದಕ್ಕೂ, ತಲೆಮಾರು ಬದಲಾದರೂ ಬಿಡದೆ, ಅವಳನ್ನು ತೊಳೆದು ಉಣಿಸಿ ಕಾಪಾಡಿದವರು ಅಲ್ಲಿಯ ಶುಶ್ರೂಷಕಿಯರು. ೨೦೧೧ರ ಮಾರ್ಚಿನ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರ ಸೇವೆಯನ್ನು ಮನಃಪೂರ್ವಕವಾಗಿ ಪ್ರಶಂಸಿಸಿತು. ಶುಶ್ರೂಷಕಿಯರ ಧೃತಿಗೆ ಇದಕ್ಕಿಂತ ಮಿಗಿಲಾದ ಸಾಕ್ಷಿಯನ್ನು ನಾನರಿಯೆ. ಆದರೆ ಆ ಧೃತಿ ಹೊಮ್ಮಿದ್ದು, ತಮ್ಮಲ್ಲೊಬ್ಬಳನ್ನು ರಕ್ಷಿಸಲಾರದ ಸಂಸ್ಥೆಯ ವೈಫಲ್ಯವನ್ನು ತಮ್ಮ ಕೈಯಿಂದ ತುಂಬಿಕೊಡುವುದಕ್ಕಾಗಿ ಎಂಬುದನ್ನೂ ಮರೆಯಲಾಗದು. ಕರ್ನಾಟಕದಲ್ಲಿ ೨೦೦೯ರಿಂದ ವೈದ್ಯಕೀಯ ಸಿಬ್ಬಂದಿಯ ಮೇಲಣ ಹಿಂಸೆಯನ್ನು ನಿಷೇಧಿಸುವ ಕಾಯಿದೆಯುಂಟು. ಸೆರೆಯನ್ನೂ ದಂಡವನ್ನೂ ಅದು ವಿಧಿಸುತ್ತದೆ. ೨೦೨೪ರ ಆಗಸ್ಟಿನಲ್ಲಿ ಕಲ್ಕತ್ತೆಯ ಆಸ್ಪತ್ರೆಯೊಂದರಲ್ಲಿ ತರುಣ ವೈದ್ಯೆಯ ಹತ್ಯೆಯಾದ ಬಳಿಕ ರಾಷ್ಟ್ರಮಟ್ಟದ ಕಾರ್ಯಪಡೆಯೂ ನೇಮಕವಾಯಿತು. ಕಾಯಿದೆಯು ಹಲ್ಲೆಯಾದ ಮೇಲೆ ಶಿಕ್ಷಿಸಬಲ್ಲದು. ನಡುರಾತ್ರಿ ಕುಡಿದು ಬಂದ ಹತ್ತು ಜನರ ಗುಂಪಿನೆದುರು ನಿಂತ ಇಬ್ಬರು ಹೆಂಗಸರಿಗೆ ಆಗ ಬೇಕಾದದ್ದು ಬಾಗಿಲಲ್ಲಿ ಒಬ್ಬ ಕಾವಲುಗಾರ.

ಹಾಗಾದರೆ ವ್ಯಕ್ತಿಯ ಮನೋಬಲಕ್ಕೆ ಬೆಲೆಯೇ ಇಲ್ಲವೆ ಎಂದು ಕೇಳಬಹುದು. ಖಂಡಿತವಾಗಿ ಉಂಟು. ಒಂದೇ ಸ್ಥಿತಿಯಲ್ಲಿ ಒಬ್ಬಳು ಕುಸಿಯುತ್ತಾಳೆ, ಇನ್ನೊಬ್ಬಳು ನಿಲ್ಲುತ್ತಾಳೆ. ಯೋಗ, ಧ್ಯಾನ, ದೈವಭಕ್ತಿ, ಮನೆಯವರ ಒಲವು, ಇವೆಲ್ಲ ಬಲ ಕೊಡತಕ್ಕವೇ. ಆದರೆ ನಿಂತವರನ್ನು ವಿಚಾರಿಸಿ ನೋಡಿದರೆ ಅವರು ಒಬ್ಬಂಟಿಯಾಗಿ ನಿಂತವರಲ್ಲವೆಂಬುದು ತಿಳಿಯುತ್ತದೆ. ಹೊಸದಾಗಿ ಬಂದವಳ ಕೈ ನಡುಗಿದಾಗ "ನೀನು ಆ ಕಡೆ ಹಿಡ್ಕೊ, ಲೈನ್ ನಾನು ಹಾಕ್ತೀನಿ" ಎಂದು ಪಕ್ಕಕ್ಕೆ ಬಂದ ಹಿರಿಯಳು, ತಪ್ಪನ್ನು ಎಲ್ಲರೆದುರು ಆಡದೆ ಪಾಳಿ ಮುಗಿದ ಮೇಲೆ ತಿದ್ದಿದ ಮೇಲ್ವಿಚಾರಕಿ, ರೋಗಿಯ ಕಡೆಯವರ ಮುಂದೆ ತನ್ನ ತೀರ್ಮಾನವನ್ನು ತಾನೇ ಒಪ್ಪಿಕೊಂಡು ವಿವರಿಸಿದ ವೈದ್ಯರು, ಇವರ ಹೆಸರುಗಳನ್ನೇ ಅವರು ಹೇಳುತ್ತಾರೆ. ಧೃತಿಯೆಂಬುದು ಹೀಗೆ ಒಬ್ಬರಿಂದೊಬ್ಬರಿಗೆ ಸಂದಾಯವಾಗುವ ಸೊತ್ತು. ಅದನ್ನು ಕೊಡತಕ್ಕ ಹಿರಿಯರಿಗೆ ಕೊಡುವಷ್ಟು ಪುರಸೊತ್ತಿಲ್ಲದಂತೆ ಮಾಡಿ, ಕಿರಿಯರಿಗೆ ಧ್ಯಾನದ ಶಿಬಿರವನ್ನು ಏರ್ಪಡಿಸಿದರೆ ಫಲವಿಲ್ಲ.

ಮಾಡತಕ್ಕ ಕಾರ್ಯಗಳು ಅಸಾಧ್ಯವಾದವುಗಳಲ್ಲ. ಹಾವಿನ ಕಡಿತ, ವಿಷಸೇವನೆ, ಎದೆನೋವು, ಫಿಟ್ಸ್, ಅತಿರಕ್ತಸ್ರಾವ ಮೊದಲಾದ ನಿಶ್ಚಿತ ಸಂದರ್ಭಗಳಲ್ಲಿ ವೈದ್ಯರು ಬರುವವರೆಗೆ ಶುಶ್ರೂಷಕಿಯು ತಾನಾಗಿಯೇ ಕೈಗೊಳ್ಳಬಹುದಾದ ಕ್ರಮಗಳನ್ನು ಲಿಖಿತವಾದ ಆದೇಶರೂಪದಲ್ಲಿ ಪ್ರತಿ ತುರ್ತು ವಿಭಾಗದಲ್ಲಿಯೂ ಇಟ್ಟು, ಅದಕ್ಕೆ ಬೇಕಾದ ಶಿಕ್ಷಣವನ್ನು ಕೊಟ್ಟು, ಆ ಕ್ರಮಗಳನ್ನನುಸರಿಸಿದವಳನ್ನು ಸಂಸ್ಥೆಯು ಸಮರ್ಥಿಸುವುದೆಂಬ ಭರವಸೆಯನ್ನು ನೀಡಬೇಕು. ಅಧಿಕಾರವನ್ನು ಹೊಣೆಯ ಮಟ್ಟಕ್ಕೆ ತರುವ ಮೊದಲ ಹೆಜ್ಜೆ ಇದು. ಪುನೀತ್ ರಾಜ್‌ಕುಮಾರರ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇ.ಸಿ.ಜಿ.ಯನ್ನು ದೂರದ ತಜ್ಞರು ಓದಿ, ರಕ್ತದ ಗಡ್ಡೆಯನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವ ಏರ್ಪಾಟಾಗಿರುವುದು ಶ್ಲಾಘ್ಯ. ಆದರೆ ಯಂತ್ರ ಬಂದ ಕೋಣೆಗೆ ಅದನ್ನು ನಡೆಸುವ ಹೆಚ್ಚಿನ ಕೈಗಳೂ ಬರಬೇಕು. ರಜೆಯ ಮೀಸಲು ಸಮೇತ ಹುದ್ದೆಗಳನ್ನು ತುಂಬಬೇಕು. ರೋಗಿಯ ಕಡೆಯವರೊಂದಿಗೆ ಮಾತಾಡಿ, ಯಾರನ್ನು ಏಕೆ ಮೊದಲು ನೋಡುತ್ತಿದ್ದಾರೆ, ಹಾಸನಕ್ಕೆ ಏಕೆ ಕಳುಹಿಸುತ್ತಿದ್ದಾರೆ ಎಂಬುದನ್ನು ತಿಳಿಸುವುದಕ್ಕೆ ಬೇರೆಯೇ ಒಬ್ಬರು ರಾತ್ರಿಯಲ್ಲಿಯೂ ಇರಬೇಕು. ದೊಡ್ಡ ದುರಂತದ ಅಥವಾ ಮಗುವಿನ ಮರಣದ ಬಳಿಕ ಆ ಪಾಳಿಯವರೆಲ್ಲ, ವೈದ್ಯರಿಂದ ಮೊದಲುಗೊಂಡು ಗ್ರೂಪ್ ಡಿ ನೌಕರರವರೆಗೆ, ಸ್ವಲ್ಪ ಹೊತ್ತು ಕೂಡಿ ಕುಳಿತು, ದೂಷಣೆಗೆ ಎಡೆಗೊಡದೆ ನಡೆದುದನ್ನು ಮಾತಾಡಿಕೊಳ್ಳುವುದು ಪದ್ಧತಿಯಾಗಬೇಕು. ಪ್ರತಿ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ತುರ್ತು ವಿಭಾಗದ ಶುಶ್ರೂಷಕಿಯ ಮಾತು ನಡೆಯುವಂತಾಗಬೇಕು. ಕೊರತೆಗೆ ಉತ್ತರ ಹೇಳುವವಳೇ ಕೊರತೆಯನ್ನು ನಿವಾರಿಸುವ ಸಭೆಯ ಹೊರಗಿರುವುದು ನ್ಯಾಯವಲ್ಲ.

ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಈ ನಾಲ್ಕು ಊರುಗಳ ನಾಗರಿಕರ ಕರ್ತವ್ಯವೂ ಇಲ್ಲಿ ಸ್ಪಷ್ಟವಾಗಿದೆ. ಆಸ್ಪತ್ರೆಯಲ್ಲಿ ತಡವಾದಾಗ ಎದುರಿಗಿದ್ದವಳನ್ನು ಗದರಿಸುವುದು ಸುಲಭ; ಅವಳ ಪಕ್ಕದ ಹುದ್ದೆ ಎಷ್ಟು ಕಾಲದಿಂದ ಖಾಲಿಯಿದೆಯೆಂದು ಶಾಸಕರನ್ನೂ ಜಿಲ್ಲಾಡಳಿತವನ್ನೂ ಕೇಳುವುದು ಕಷ್ಟ. ಆದರೆ ಮೊದಲನೆಯದರಿಂದ ನಮ್ಮ ರೋಗಿಗೆ ದೊರೆಯುವುದು ಭಯಗೊಂಡ, ಬಳಲಿದ, ತಪ್ಪುಮಾಡುವ ಸಂಭವ ಹೆಚ್ಚಾದ ಶುಶ್ರೂಷೆ; ಎರಡನೆಯದರಿಂದ ದೊರೆಯುವುದು ಇನ್ನೊಂದು ಜೊತೆ ಕೈ. ಹೆದ್ದಾರಿಗೆ ಲೇನು ಕೂಡಿಸುವಂತೆ, ಊರಿಗೆ ಹೊಸ ಕಟ್ಟಡ ತರುವಂತೆ ಒತ್ತಾಯಿಸುವ ಜನ, ತಮ್ಮ ಆಸ್ಪತ್ರೆಯ ರಾತ್ರಿಯ ಪಾಳಿಗೆ ಮತ್ತೊಬ್ಬ ಶುಶ್ರೂಷಕಿಯನ್ನು ಕೊಡಿರೆಂದು ಅದೇ ದನಿಯಲ್ಲಿ ಒತ್ತಾಯಿಸಿದ ದಿನ, ಅವರ ಸಹನೆಯನ್ನು ಕುರಿತ ನಮ್ಮ ಹೊಗಳಿಕೆಗೆ ಅರ್ಥ ಬಂದೀತು. ಅಲ್ಲಿಯವರೆಗೆ ಅದು ತೀರಿಸದ ಸಾಲದ ಮೇಲಣ ಮಾತಾಗಿಯೇ ಉಳಿಯುತ್ತದೆ.